ಚಹಾದ ಸಕ್ಕರೆ, ಹಿಮ್ಮಡಿಯ ನೋವು

ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿಯೊಂದರ ಲೆಕ್ಕ ಬರೆಯುವುದು ನನ್ನ ಕೆಲಸ. ಬೆಳಿಗ್ಗೆ ಗಾದಿಯ ಮೇಲೆ ಕುಳಿತರೆ ಊಟಕ್ಕೆ ಏಳುವುದು, ಮತ್ತೆ ಕುಳಿತರೆ ಸಂಜೆಗೆ ಏಳುವುದು. ಶೇಂಗಾ ತಂದ ರೈತರು ಬಂದರೆ ಚಹಾ, ಖರೀದಿದಾರರು ಬಂದರೆ ಚಹಾ, ಲಾರಿ ತಡವಾದರೆ ಚಹಾ. ನಲವತ್ತಾರನೆಯ ವಯಸ್ಸಿಗೆ ತೂಕ 94 ಕಿಲೋ, ಸೊಂಟದ ಸುತ್ತಳತೆ 108 ಸೆಂಟಿಮೀಟರ್ ಆಗಿತ್ತು. ಈಗ 81 ಕಿಲೋಗೆ ಬಂದಿದ್ದೇನೆ. ಇಳಿಯಲು ಒಂದು ವರ್ಷಕ್ಕಿಂತ ಹೆಚ್ಚೇ ಹಿಡಿಯಿತು. ಏನು ಮಾಡಿದಿರಿ ಎಂದು ಕೇಳುವವರು ಊಟದ ಪಟ್ಟಿ ಕೊಡುತ್ತೇನೆ ಎಂದುಕೊಳ್ಳುತ್ತಾರೆ. ಊಟದಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ರೊಟ್ಟಿ ಮೂರರಿಂದ ಎರಡಕ್ಕೆ ಇಳಿಯಿತು, ಕಾಳಿನ ಪಲ್ಯ ಮತ್ತು ಹಸಿ ತರಕಾರಿ ಹೆಚ್ಚಾದವು, ರಾತ್ರಿಯ ಅನ್ನ ಅರ್ಧವಾಯಿತು. ತಲೆ ಕೆಡಿಸಿಕೊಂಡದ್ದು ಎರಡು ವಿಷಯಗಳಿಗೆ: ಚಹಾದೊಳಗಿನ ಸಿಹಿ ಮತ್ತು ನಡೆಯಲು ಹೊರಟಾಗ ಬಂದ ಬಗೆಬಗೆಯ ನೋವು.

ಸಿಹಿಯ ಲೆಕ್ಕ ಸುಲಭ. ಒಂದು ಚಮಚ ಸಕ್ಕರೆ ಸುಮಾರು 5 ಗ್ರಾಂ, ಗ್ರಾಂಗೆ 4 ಕ್ಯಾಲರಿ. ಎರಡು ಚಮಚ ಸಕ್ಕರೆಯ ಚಹಾವನ್ನು ದಿನಕ್ಕೆ ಏಳೆಂಟು ಸಲ ಕುಡಿಯುವವನ ಹೊಟ್ಟೆಗೆ ಸಕ್ಕರೆಯಿಂದಲೇ ಮುನ್ನೂರು ಕ್ಯಾಲರಿ ಸೇರುತ್ತದೆ. ಆಗಿನ ನನ್ನ ತೂಕದ ಮನುಷ್ಯ ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಖರ್ಚಾಗುವುದೂ ಹೆಚ್ಚುಕಡಿಮೆ ಅಷ್ಟೇ. ದಿನಕ್ಕೆ 2,000 ಕ್ಯಾಲರಿ ತಿನ್ನುವವರು ಹೊರಗಿನಿಂದ ಬೆರೆಸಿದ ಸಕ್ಕರೆಯನ್ನು 50 ಗ್ರಾಂ ಒಳಗೆ, ಸಾಧ್ಯವಾದರೆ 25 ಗ್ರಾಂ ಒಳಗೆ ಇಟ್ಟುಕೊಳ್ಳಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯ ಲೆಕ್ಕ. ನನ್ನದು ಚಹಾ ಒಂದರಲ್ಲೇ ಎಪ್ಪತ್ತು ದಾಟುತ್ತಿತ್ತು. ಉಳಿತಾಯಕ್ಕೆ ಇದಕ್ಕಿಂತ ಸುಲಭದ ಜಾಗ ನನಗಂತೂ ಕಾಣಲಿಲ್ಲ.

ಮೊದಲ ಸಲಹೆ ಮನೆಯಲ್ಲೇ ಸಿಕ್ಕಿತು. "ಸಕ್ಕರೆ ಬಿಟ್ಟು ಬೆಲ್ಲ ಹಾಕಿಕೊಳ್ಳಿರಿ" ಎಂದಳು ಹೆಂಡತಿ. ಹುಬ್ಬಳ್ಳಿಯಲ್ಲಿ ಬೆಲ್ಲದ ಚಹಾದ ಬೋರ್ಡುಗಳಿಗೂ ಕೊರತೆಯಿಲ್ಲ. ಬೆಲ್ಲದ ರುಚಿ ನನಗೂ ಇಷ್ಟ, ಆದರೆ 100 ಗ್ರಾಂ ಬೆಲ್ಲದಲ್ಲಿ ಸುಮಾರು 380 ಕ್ಯಾಲರಿ ಇದೆ, ಸಕ್ಕರೆಯಲ್ಲಿ 400. ಒಂದಿಷ್ಟು ಖನಿಜಾಂಶ ಇದೆ ನಿಜ. ಅದಕ್ಕಾಗಿ ಬೆಲ್ಲ ತಿನ್ನುವುದಕ್ಕಿಂತ ಒಂದು ಹಿಡಿ ಮೆಂತ್ಯ ಸೊಪ್ಪು ತಿನ್ನುವುದು ಮೇಲು. ಬೆಲ್ಲದ ಸಿಹಿ ಸಕ್ಕರೆಗಿಂತ ತುಸು ಕಡಿಮೆ ಎನಿಸುವುದರಿಂದ ಕೈ ಇನ್ನೂ ಸ್ವಲ್ಪ ಹೆಚ್ಚೇ ಹಾಕುತ್ತದೆ. ಜೇನುತುಪ್ಪದ್ದೂ ಅದೇ ಕಥೆ. ಅದರಲ್ಲಿ ನೀರಿನಂಶ ಇದ್ದರೂ ಜೇನಿನ ಒಂದು ಚಮಚ 7 ಗ್ರಾಂ ತೂಗುತ್ತದೆ, ಕೊನೆಗೆ ಕ್ಯಾಲರಿ ಇಪ್ಪತ್ತೊಂದು! ತೂಕ ಇಳಿಸುವ ಮಾತಿನಲ್ಲಿ ಬೆಲ್ಲ, ಜೇನು, ಕಂದು ಸಕ್ಕರೆ, ಖರ್ಜೂರದ ಪಾಕ ಎಲ್ಲವೂ ಸಕ್ಕರೆಯ ಸಾಲಿನಲ್ಲೇ ಬರೆಯತಕ್ಕವು.

ಆಮೇಲೆ ಸಕ್ಕರೆಯ ಬದಲು ಹಾಕುವ ಸಿಹಿ ಗುಳಿಗೆಗಳು. ಅಂಗಡಿಯ ಸಾವುಕಾರರು ತಾವು ಬಳಸುತ್ತಿದ್ದ ಆಸ್ಪರ್ಟೇಮ್ ಗುಳಿಗೆಯ ಪುಟ್ಟ ಡಬ್ಬಿಯನ್ನು ನನ್ನ ಮುಂದಿಟ್ಟರು. ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ ಇರುವ ಪದಾರ್ಥ ಅದು, ಚೂರು ಸಾಕು. ಒಂದು ಸಂಗತಿ ಬಳಸಿದ ಮೇಲೆ ತಿಳಿಯಿತು: ಒಲೆಯ ಮೇಲೆ ಕುದಿಸಿದರೆ ಆಸ್ಪರ್ಟೇಮ್ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ನಮ್ಮ ಕಡೆ ಚಹಾ ಎಂದರೆ ಪುಡಿ, ಹಾಲು, ಸಕ್ಕರೆ ಎಲ್ಲವನ್ನೂ ಕೂಡಿಸಿ ಕುದಿಸುವುದು ತಾನೆ? ಗುಳಿಗೆಯನ್ನು ಕಪ್ಪಿಗೆ ಸುರಿದ ಮೇಲೆಯೇ ಹಾಕಬೇಕು. ಪಾಯಸಕ್ಕೆ, ಶಿರಾಕ್ಕೆ ಅದು ಆಗಿಬರುವುದಿಲ್ಲ. ಶಾಖ ತಡೆಯುವುದು ಸುಕ್ರಲೋಸ್ ಎಂಬ ಇನ್ನೊಂದು ಸಿಹಿಕಾರಕ. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ, ನಾಲಿಗೆಗೂ ಸಕ್ಕರೆಯ ಹತ್ತಿರ. ಸ್ಟೀವಿಯಾ ಗಿಡದ ಎಲೆಯಿಂದ ತೆಗೆದ ಸಾರಕ್ಕೆ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅನುಮತಿ ಕೊಟ್ಟಿದೆ. ಎಲೆಯದ್ದು ಎಂಬ ಕಾರಣಕ್ಕೆ ಹೆಂಡತಿಗೆ ಅದರ ಮೇಲೆ ವಿಶ್ವಾಸ. ನನಗೆ ಮಾತ್ರ ಕೊನೆಯ ಗುಟುಕಿನ ನಂತರ ಜ್ಯೇಷ್ಠಮಧು ಜಗಿದ ಹಾಗೆ ಒಂದು ಕಹಿ ಉಳಿಯುತ್ತಿತ್ತು. ಪುಡಿಯ ಪೊಟ್ಟಣ ಕೊಳ್ಳುವವರು ಹಿಂಬದಿಯ ಸಣ್ಣ ಅಕ್ಷರ ಓದಬೇಕು. ಸುಕ್ರಲೋಸ್ ಇರುವುದು ಚಿಟಿಕೆಗಿಂತ ಕಡಿಮೆ, ಮಿಕ್ಕಿದ್ದು ಮಾಲ್ಟೋಡೆಕ್ಸ್‌ಟ್ರಿನ್ ಅಥವಾ ಡೆಕ್ಸ್‌ಟ್ರೋಸ್, ಅಂದರೆ ಪಿಷ್ಟ ಸಕ್ಕರೆಗಳೇ. ಒಂದು ಪೊಟ್ಟಣಕ್ಕೆ ಮೂರ್ನಾಲ್ಕು ಕ್ಯಾಲರಿ ಮಾತ್ರ, ದೊಡ್ಡ ವಿಷಯವಲ್ಲ. ಆದರೂ ಸೊನ್ನೆ ಎಂದು ನಂಬಿ ದಿನಕ್ಕೆ ಇಪ್ಪತ್ತು ಹರಿಯುವವರನ್ನು ನೋಡಿದ್ದೇನೆ.

2023ರ ಜುಲೈನಲ್ಲಿ ಪತ್ರಿಕೆಗಳಲ್ಲಿ ಆಸ್ಪರ್ಟೇಮ್ ಮತ್ತು ಕ್ಯಾನ್ಸರ್ ಸುದ್ದಿ ಬಂದಾಗ ನಮ್ಮ ಸಾಲಿನ ಅಂಗಡಿಗಳಲ್ಲಿ ಡಬ್ಬಿಗಳು ಡ್ರಾಯರ್ ಸೇರಿದ್ದವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು '2ಬಿ' ಗುಂಪಿಗೆ ಸೇರಿಸಿತ್ತು. ಕ್ಯಾನ್ಸರ್ ತರುವ ಸಾಧ್ಯತೆಗೆ ಸೀಮಿತ ಪುರಾವೆ ಮಾತ್ರ ಇರುವ ಗುಂಪು ಅದು. ಏಷ್ಯಾದ ಸಾಂಪ್ರದಾಯಿಕ ಉಪ್ಪಿನಲ್ಲಿಟ್ಟ ತರಕಾರಿಗಳೂ ಅದೇ ಪಟ್ಟಿಯಲ್ಲಿವೆ. ಅದೇ ವೇಳೆಗೆ ಆಹಾರ ಬೆರಕೆಗಳನ್ನು ಪರಿಶೀಲಿಸುವ ಇನ್ನೊಂದು ಸಮಿತಿ ದೇಹದ ತೂಕದ ಕಿಲೋಗೆ ದಿನಕ್ಕೆ 40 ಮಿಲಿಗ್ರಾಂ ಎಂಬ ಹಳೆಯ ಮಿತಿಯನ್ನೇ ಎತ್ತಿಹಿಡಿಯಿತು. ನನ್ನಂಥ 90 ಕಿಲೋ ಮನುಷ್ಯನಿಗೆ ಅದು 3,600 ಮಿಲಿಗ್ರಾಂ. ಡಬ್ಬಿಯ ಒಂದು ಗುಳಿಗೆಯಲ್ಲಿ ಇದ್ದದ್ದು ಸುಮಾರು 18. ಇನ್ನೂರು ಗುಳಿಗೆ ನುಂಗಬೇಕು! ಸಾವುಕಾರರಿಗೆ ಈ ಲೆಕ್ಕ ಬರೆದು ತೋರಿಸಿದೆ, ಡಬ್ಬಿ ಮತ್ತೆ ಮೇಜಿನ ಮೇಲೆ ಬಂತು. ಹುಟ್ಟಿನಿಂದಲೇ ಫಿನೈಲ್‌ಕೀಟೋನೂರಿಯಾ ಎಂಬ ಕಾಯಿಲೆ ಇರುವವರು ಮಾತ್ರ ಆಸ್ಪರ್ಟೇಮ್ ಮುಟ್ಟಬಾರದು.

ನನ್ನನ್ನು ಯೋಚನೆಗೆ ಹಚ್ಚಿದ್ದು ಅದೇ ವರ್ಷದ ಮೇ ತಿಂಗಳಲ್ಲಿ ಬಂದ, ಅಷ್ಟು ಸದ್ದು ಮಾಡದ ಸುದ್ದಿ. ತೂಕ ಇಳಿಸುವ ಉಪಾಯವಾಗಿ ಸಕ್ಕರೆಯಲ್ಲದ ಸಿಹಿಕಾರಕಗಳನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಲಹೆ ಕೊಟ್ಟಿತು. ದೀರ್ಘಕಾಲದಲ್ಲಿ ಅವುಗಳಿಂದ ಕೊಬ್ಬು ಇಳಿದ ಪುರಾವೆ ಸಿಗಲಿಲ್ಲ ಎಂಬುದು ಕಾರಣ. ಷರತ್ತಿನ ಸಲಹೆ ಅದು, ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಅನ್ವಯಿಸುವುದಿಲ್ಲ. ಯಾಕೆ ಇಳಿಯುವುದಿಲ್ಲ ಎಂಬುದಕ್ಕೆ ನಮ್ಮ ಸಾಲಿನಲ್ಲೇ ಒಂದು ಉದಾಹರಣೆ ಇತ್ತು. ಪಕ್ಕದ ಅಂಗಡಿಯ ಗೆಳೆಯ ಚಹಾಕ್ಕೆ ಗುಳಿಗೆ ಹಾಕಿಕೊಂಡು, ಉಳಿಸಿದ ಸಕ್ಕರೆಯ ಧೈರ್ಯದಲ್ಲಿ ಗಿರಮಿಟ್ಟಿನ ಜೊತೆ ಎರಡು ಮಿರ್ಚಿ ಭಜಿ ಹೆಚ್ಚಿಗೆ ತಿನ್ನುತ್ತಿದ್ದ. ನನ್ನ ಮಟ್ಟಿಗೆ ಕಂಡದ್ದು ಇಷ್ಟು: ಗುಳಿಗೆ ಹಾಕಿದರೂ ನಾಲಿಗೆ ಕೇಳುವ ಸಿಹಿಯ ಮಟ್ಟ ಕೆಳಗೆ ಬರುವುದಿಲ್ಲ. ಚಹಾ ಸಿಹಿ, ಬಿಸ್ಕತ್ತು ಸಿಹಿ, ನಾಲಿಗೆಯ ಬೇಡಿಕೆ ಹಾಗೆಯೇ.

ಹಾಗಾಗಿ ಸಕ್ಕರೆಯನ್ನೇ ಇಳಿಸುತ್ತ ಬಂದೆ. ಮನೆಯಲ್ಲಿ ಅದು ಸುಲಭ: ಎರಡು ಚಮಚ, ಒಂದೂವರೆ, ಒಂದು, ಅರ್ಧ, ಪ್ರತಿ ಇಳಿತದ ಬಳಿಕ ಎರಡು ಮೂರು ವಾರ ಹಾಗೆಯೇ ಬಿಡುವುದು. ಶುಂಠಿ, ಏಲಕ್ಕಿ ಜಾಸ್ತಿ ಹಾಕಿದರೆ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಮಾರುಕಟ್ಟೆಯ ಚಹಾದಂಗಡಿಯಲ್ಲಿ ಸಕ್ಕರೆ ಮೊದಲೇ ಪಾತ್ರೆಯಲ್ಲಿ ಕುದಿದಿರುತ್ತದೆ, ಕಡಿಮೆ ಹಾಕು ಎಂದರೆ ಅವನಾದರೂ ಏನು ಮಾಡಬೇಕು? ಒಬ್ಬನಿಗಾಗಿ ಬೇರೆ ಪಾತ್ರೆ ಇಡುವುದಿಲ್ಲ. ಸಕ್ಕರೆ ಕಾಯಿಲೆಯವರು ಮೂವರು ನಮ್ಮ ಸಾಲಿನಲ್ಲಿದ್ದರು. ನಾವು ನಾಲ್ವರೂ ಒಂದೇ ಹೊತ್ತಿಗೆ ಹೇಳಿ ಕಳಿಸತೊಡಗಿದೆವು, ಸಕ್ಕರೆ ಇಲ್ಲದ ಚಹಾಕ್ಕೆ ಒಂದು ಕಿಟ್ಲಿ ಬೇರೆಯಾಯಿತು. ಈಗ ಅದಕ್ಕೆ ಗಿರಾಕಿಗಳು ಹೆಚ್ಚಿದ್ದಾರೆ. ರೈತರು ಬಂದಾಗ ಅವರ ಜೊತೆ ಕುಡಿಯುವುದು ಮರ್ಯಾದೆಯ ಮಾತು, ಬೇಡ ಎಂದರೆ ಮುಖ ಮುರಿದ ಹಾಗೆ. ಕುಡಿಯುತ್ತೇನೆ, ಅರ್ಧ ಕಪ್ಪು.

ಗುಳಿಗೆಯನ್ನು ಪೂರ್ತಿ ಹೊರಹಾಕಿಲ್ಲ. ಧಾರವಾಡದ ಅಕ್ಕನಿಗೆ ಸಕ್ಕರೆ ಕಾಯಿಲೆ, ಅವಳ ಮನೆಗೆ ಹೋದಾಗ ಅವಳು ಸುಕ್ರಲೋಸ್ ಹಾಕಿ ಕೊಡುವ ಶ್ಯಾವಿಗೆ ಪಾಯಸ ಸಂತೋಷದಿಂದ ತಿನ್ನುತ್ತೇನೆ. 'ಶುಗರ್ ಫ್ರೀ' ಪೇಡೆಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಸಕ್ಕರೆ ತೆಗೆದರೂ ಖೋವಾದ ಕೊಬ್ಬು ಅಲ್ಲಿಯೇ ಇರುತ್ತದೆ, ಕೊಬ್ಬಿಗೆ ಗ್ರಾಂಗೆ 9 ಕ್ಯಾಲರಿ. ಇಂಥ ಮಿಠಾಯಿಗಳಲ್ಲಿ ಗಾತ್ರಕ್ಕೆಂದು ಮಾಲ್ಟಿಟಾಲ್ ಎಂಬ ಸಿಹಿ ಪದಾರ್ಥ ಹಾಕಿದ್ದರೆ, ನಾಲ್ಕೈದು ತಿಂದವರ ಹೊಟ್ಟೆ ಉಬ್ಬಿ ಗುಡುಗುತ್ತದೆ, ಭೇದಿಯೂ ಆದೀತು. ಧಾರವಾಡಕ್ಕೆ ಹೋಗಿ ಪೇಡೆ ತಿನ್ನುವುದಾದರೆ ನಿಜವಾದ ಪೇಡೆ ಒಂದು ತಿಂದು ಕೈ ತೊಳೆಯುವುದು ನನ್ನ ಪದ್ಧತಿ.

ಇನ್ನು ನಡಿಗೆ. ಮನೆ ಉಣಕಲ್ಲಿನಲ್ಲಿ ಇರುವುದರಿಂದ ಕೆರೆಯ ದಂಡೆಯೇ ನನ್ನ ಮೈದಾನ. ಮೊದಮೊದಲು ಕಾಡಿದ್ದು ಯಾರೂ ಬಾಯಿಬಿಟ್ಟು ಹೇಳದ ತೊಂದರೆ: ತೊಡೆ ತೊಡೆಗೆ ಉಜ್ಜಿ ಚರ್ಮ ಸುಲಿಯುವುದು. ದಪ್ಪಗಿರುವವರು ಎಷ್ಟೋ ಜನ ನಡಿಗೆ ಬಿಡುವುದು ಈ ಉರಿಗೆ ಹೆದರಿಯೇ, ಕಾರಣ ಕೇಳಿದರೆ ಮಂಡಿ ನೋವು ಎನ್ನುತ್ತಾರೆ. ಪೌಡರ್ ಸಾಲದು, ಬೆವರಿಗೆ ಮುದ್ದೆಯಾಗಿ ಇನ್ನಷ್ಟು ಕೆರೆಯುತ್ತದೆ. ಹತ್ತಿಯ ಬಟ್ಟೆ ಬೆವರು ಕುಡಿದು ಒದ್ದೆಯಾಗಿ ಅಲ್ಲಿಯೇ ಅಂಟುತ್ತದೆ. ದುರ್ಗದ ಬೈಲಿನಲ್ಲಿ ತೊಡೆಯ ಅರ್ಧದವರೆಗೆ ಬರುವ, ಬೇಗ ಒಣಗುವ ಬಿಗಿ ಸೈಕ್ಲಿಂಗ್ ಚಡ್ಡಿ ಕೊಂಡೆ. ಹೊರಡುವ ಮೊದಲು ವ್ಯಾಸಲಿನ್ ತೆಳ್ಳಗೆ ಹಚ್ಚಿದೆ. ಅಲ್ಲಿಗೆ ಆ ತೊಂದರೆ ಮುಗಿಯಿತು. ಉರಿಯ ಬದಲು ಉಂಗುರದ ಹಾಗೆ ಅಂಚು ಕಟ್ಟಿ ತುರಿಸಿದರೆ ಅದು ಹುಳಕಡ್ಡಿ, ಚರ್ಮದ ವೈದ್ಯರಿಗೇ ತೋರಿಸಬೇಕು. ಔಷಧ ಅಂಗಡಿಯಲ್ಲಿ ಕೇಳಿ ತರುವ ಕೂಡು ಮುಲಾಮುಗಳಲ್ಲಿ ಸ್ಟೀರಾಯ್ಡ್ ಇದ್ದರೆ ತುರಿಕೆ ನಿಂತು ಹುಳಕಡ್ಡಿ ಹರಡುತ್ತದೆ.

ಎರಡನೆಯದು ಹಿಮ್ಮಡಿ. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಟ್ಟೊಡನೆ ಮೊಳೆ ಚುಚ್ಚಿದಂತಾಗಿ, ಹತ್ತು ಹೆಜ್ಜೆ ಹಾಕಿದ ಮೇಲೆ ಕಡಿಮೆಯಾಗುತ್ತಿತ್ತು. ಅಂಗಾಲಿನ ಉದ್ದಕ್ಕೂ ಇರುವ ದಪ್ಪ ಪಟ್ಟಿಗೆ ಭಾರ ತಡೆಯದೆ ಆಗುವ ನೋವಂತೆ, ಪ್ಲಾಂಟರ್ ಫೇಶಿಯೈಟಿಸ್ ಎಂದರು ಮೂಳೆ ವೈದ್ಯರು. ಎಕ್ಸ್‌ರೇಗಿಂತ ಮೊದಲು ಅವರು ಕೇಳಿದ್ದು ಮನೆಯ ನೆಲ ಯಾವುದು ಎಂದು. ಶಹಾಬಾದ್ ಕಲ್ಲು, ಅದರ ಮೇಲೆ ಬರಿಗಾಲು! ಮನೆಯೊಳಗೂ ಮೆತ್ತನೆಯ ಚಪ್ಪಲಿ ಬಂತು. ಅಡುಗೆಮನೆಗೆ ಚಪ್ಪಲಿ ಹಾಕಿ ಬರಬಾರದೆಂದು ಅವ್ವ ಮುನಿಸಿಕೊಂಡಳು, ಅಲ್ಲಿಗೊಂದು ಮ್ಯಾಟ್ ಹಾಸಿದೆವು. ಏಳುವ ಮೊದಲೇ ಹಾಸಿಗೆಯಲ್ಲಿ ಕುಳಿತು ಟವೆಲನ್ನು ಅಂಗಾಲಿಗೆ ಸಿಕ್ಕಿಸಿ ಬೆರಳುಗಳನ್ನು ತನ್ನತ್ತ ಎಳೆಯುವುದು, ಗೋಡೆಗೆ ಕೈಕೊಟ್ಟು ಮೀನಖಂಡವನ್ನು ಅರ್ಧ ನಿಮಿಷ ಹಿಗ್ಗಿಸುವುದು, ಸಂಜೆ ನೀರು ಹೆಪ್ಪುಗಟ್ಟಿಸಿದ ಬಾಟಲಿಯನ್ನು ಪಾದದ ಕೆಳಗೆ ಉರುಳಿಸುವುದು. ಕಡಿಮೆಯಾಗಲು ತಿಂಗಳುಗಳೇ ಬೇಕಾದವು. ಆ ಅವಧಿಯಲ್ಲಿ ನಡಿಗೆಯನ್ನು ಅರ್ಧಕ್ಕಿಳಿಸಿ ಸೈಕಲ್ ತುಳಿದೆ.

ಬೆಟ್ಟದ ನೋವು ಬೇರೆ ಜಾತಿಯದು. ಭಾನುವಾರ ನೃಪತುಂಗ ಬೆಟ್ಟ ಹತ್ತಿ ಇಳಿದರೆ ಅವತ್ತು ಏನೂ ಇಲ್ಲ, ಮಂಗಳವಾರ ಗಾದಿಯ ಮೇಲೆ ಕೂರಲು ಗೋಡೆ ಹಿಡಿಯಬೇಕು. ಹತ್ತಿದ್ದಕ್ಕಿಂತ ಇಳಿದದ್ದೇ ಇದಕ್ಕೆ ಕಾರಣ: ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ಹಿಡಿಯುವುದರಿಂದ ಅದರಲ್ಲಿ ಸೂಕ್ಷ್ಮ ಸೀಳುಗಳಾಗುತ್ತವೆ, ನೋವು 24ರಿಂದ 72 ಗಂಟೆಯೊಳಗೆ ಏರಿ ತಾನೇ ಇಳಿಯುತ್ತದೆ. ಎರಡೂ ಕಾಲಿಗೆ ಸಮನಾಗಿ, ಸ್ನಾಯುವಿನ ಹೊಟ್ಟೆಯಲ್ಲಿ, ಮುಟ್ಟಿದರೆ ಮೊಂಡಾಗಿ ಇರುವ ನೋವಿಗೆ ನಾನು ಮಲಗುವುದಿಲ್ಲ, ಸಮತಟ್ಟಿನಲ್ಲಿ ನಿಧಾನ ನಡೆಯುತ್ತೇನೆ. ಮುಂದಿನ ಸಲ ಅದೇ ಬೆಟ್ಟಕ್ಕೆ ಅಷ್ಟು ನೋಯುವುದಿಲ್ಲ. ಒಂದೇ ಕಾಲಿಗೆ, ಕೀಲಿನೊಳಗೆ, ಬೆರಳಿಟ್ಟು ತೋರಿಸಬಲ್ಲ ಜಾಗದಲ್ಲಿ ಚುಚ್ಚುವ ನೋವು ಬಂದರೆ ಅಂದಿನ ನಡಿಗೆ ಅಲ್ಲಿಗೇ ನಿಂತಿತು. ಒಂದೇ ಮೀನಖಂಡ ಊದಿ ಬಿಸಿಯಾದರೆ, ಎದೆ ಒತ್ತಿದಂತಾದರೆ, ದವಡೆಗೋ ಎಡಗೈಗೋ ನೋವು ಹರಿದರೆ, ತಲೆ ಸುತ್ತಿ ತಣ್ಣನೆಯ ಬೆವರು ಬಂದರೆ ಮನೆಗೂ ಹೋಗಬಾರದು, ನೇರ ಆಸ್ಪತ್ರೆಗೆ. ಗ್ಯಾಸ್ ಇರಬೇಕು ಎಂದು ಸೋಡಾ ಕುಡಿದು ಕುಳಿತವರ ಕಥೆಗಳು ನಮ್ಮ ಮಾರುಕಟ್ಟೆಯಲ್ಲಿ ಬೇಕಾದಷ್ಟಿವೆ. ಪಕ್ಕೆ ಹಿಡಿಯುವುದಕ್ಕೆ ಅಷ್ಟು ಹೆದರಬೇಕಿಲ್ಲ, ಹೊಟ್ಟೆ ತುಂಬ ತಿಂದು ಹೊರಟಿದ್ದರ ಫಲ. ವೇಗಕ್ಕೆ ನನ್ನ ಅಳತೆ ಒಂದೇ: ಪಕ್ಕದವರ ಜೊತೆ ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಮಳೆಗಾಲದ ಜಿಟಿಜಿಟಿಯಲ್ಲಿ ಕೆರೆಯ ದಂಡೆ ಜಾರುತ್ತದೆ, ಒದ್ದೆ ಬೂಟು ಗುಳ್ಳೆ ಎಬ್ಬಿಸುತ್ತದೆ. ಆಗ ಮಾರುಕಟ್ಟೆಗೆ ಬೇಗ ಹೋಗಿ ಹರಾಜು ಕಟ್ಟೆಯ ತಗಡಿನ ಸೂರಿನ ಕೆಳಗೆ ಸುತ್ತು ಹಾಕುತ್ತೇನೆ. ಹಮಾಲರಿಗೆ ಮೊದಲು ನಗು ಬರುತ್ತಿತ್ತು, ಈಗ ಯಾರೂ ತಲೆ ಎತ್ತುವುದಿಲ್ಲ. ಬೇರೆ ದಿನಗಳಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸನ್ನು ಭೈರಿದೇವರಕೊಪ್ಪದಲ್ಲಿಯೇ ಬಿಟ್ಟು ಅಮರಗೋಳದವರೆಗೆ ನಡೆದು ಹೋಗುತ್ತೇನೆ.

ಮಂಡಿಗೆ ವೈದ್ಯರು ಹೇಳಿದ ಲೆಕ್ಕ ನನಗೆ ಹಿಡಿಸಿತು. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ. ಹದಿಮೂರು ಇಳಿಸಿದವನಿಗೆ ಐವತ್ತೆರಡು! ಜೊತೆಗೆ ತೊಡೆ ಗಟ್ಟಿಯಾಗಬೇಕು ಎಂದು ಕುರ್ಚಿಯಿಂದ ಕೈ ಊರದೆ ಎದ್ದು ಕೂರುವ ವ್ಯಾಯಾಮ ಕೊಟ್ಟಿದ್ದಾರೆ. ಅಂಗಡಿಯಲ್ಲಿ ಕುರ್ಚಿಯಿಲ್ಲದ ಕಾರಣ ಅದನ್ನು ಹೊರಗಿನ ಕಟ್ಟೆಯ ಮೇಲೆ ಮಾಡುತ್ತೇನೆ.

ಕೆಲವು ತಿಂಗಳಿಂದ ತೂಕ 81ರಲ್ಲೇ ನಿಂತಿದೆ. ಸೊಂಟ 96 ಸೆಂಟಿಮೀಟರ್. ಭಾರತೀಯ ಗಂಡಸರಿಗೆ 90 ದಾಟಬಾರದು ಎನ್ನುತ್ತಾರೆ. ಪಂಚಮಿ ಬರುತ್ತಿದೆ, ಶೇಂಗಾ ಉಂಡಿ, ರವೆ ಉಂಡಿ, ಎಳ್ಳುಂಡಿ ಕಟ್ಟಲು ಬೆಲ್ಲ ಆಗಲೇ ಮನೆಗೆ ಬಂದಿದೆ. ಉಂಡಿಗೆ ಗುಳಿಗೆ ಹಾಕುವ ಮಾತನ್ನು ಯಾರೂ ಎತ್ತಿಲ್ಲ, ನಾನೂ ಎತ್ತುವುದಿಲ್ಲ. ಈ ವರ್ಷ ನಿಂಬೆಹಣ್ಣಿನ ಗಾತ್ರಕ್ಕೆ ಕಟ್ಟೋಣ ಎಂದಿದ್ದಾಳೆ ಹೆಂಡತಿ, ಅವ್ವ ಇನ್ನೂ ಒಪ್ಪಿಲ್ಲ.