ಹನ್ನೊಂದು ಜನ ದುಡ್ಡು ಕೊಟ್ಟ ಆಟ

ನಾನು ಬರೆದ ಆಟವೊಂದನ್ನು ಹನ್ನೊಂದು ಜನ ದುಡ್ಡು ಕೊಟ್ಟು ಕೊಂಡಿದ್ದರು. ತಲಾ ಎರಡು ಡಾಲರ್. ಮೊದಲನೆಯವರು ಕೊಂಡ ದಿನ ನನಗೆ ನಿದ್ದೆಯೇ ಬರಲಿಲ್ಲ. ಹನ್ನೊಂದನೆಯವರು ಕೊಳ್ಳುವ ಹೊತ್ತಿಗೆ, ಇನ್ನು ಯಾರೂ ಕೊಳ್ಳದಿದ್ದರೆ ಸಾಕಪ್ಪಾ ಅನ್ನಿಸಿಬಿಟ್ಟಿತ್ತು.

ಫೋನಿನ ಆಟ ಅಂದುಕೊಳ್ಳಬೇಡಿ. ಹಾಡು ಕೇಳಲೆಂದೇ ಮಾಡಿದ ಪುಟ್ಟ ಪ್ಲೇಯರ್‌ಗಳು ಇದ್ದವಲ್ಲ, ಐಪಾಡ್, ಸಾನ್ಸಾ, ಐರಿವರ್, ಅವುಗಳ ಮೇಲೆ ಆಡುವ ಆಟ.

ನನಗೆ ಈ ಹುಚ್ಚು ಹತ್ತಿಸಿದ್ದು ಐಪಾಡ್‌ನಲ್ಲಿದ್ದ ನೋಟ್ಸ್ ಫೋಲ್ಡರ್. ಅದರೊಳಗೆ ಟೆಕ್ಸ್ಟ್ ಫೈಲ್ ಹಾಕಿದರೆ ತೆರೆಯ ಮೇಲೆ ಓದಬಹುದಿತ್ತು. ಒಂದು ಫೈಲಿನಿಂದ ಇನ್ನೊಂದಕ್ಕೆ ಲಿಂಕ್ ಕೊಡಬಹುದಿತ್ತು. ಒಂದು ನೋಟ್ 4 ಕೆಬಿ ಮೀರುವಂತಿಲ್ಲ, ಒಟ್ಟು 1,000ಕ್ಕಿಂತ ಜಾಸ್ತಿ ನೋಟ್ ಇರುವಂತಿಲ್ಲ. ಕಥೆಯಾಟ ಬರೆಯಲು ಅಷ್ಟು ಸಾಕಲ್ವಾ? 'ಬಾಗಿಲು ತಳ್ಳು' ಒಂದು ಲಿಂಕ್, 'ಕಿಟಕಿ ಹತ್ತು' ಇನ್ನೊಂದು ಲಿಂಕ್. ತೊಡಕು ಎಲ್ಲಿ ಅಂದರೆ, ನೋಟ್ಸ್‌ಗೆ ನೆನಪಿನ ಶಕ್ತಿ ಇಲ್ಲ. ಆಡುವವನು ಬೀಗದ ಕೈ ಎತ್ತಿಕೊಂಡಿದ್ದಾನೋ ಇಲ್ಲವೋ ಅದಕ್ಕೆ ಗೊತ್ತಾಗುವುದಿಲ್ಲ. ಹಾಗಾಗಿ ಅದೇ ಕೋಣೆಯನ್ನು ಕೈಯಲ್ಲಿ ಬೀಗದ ಕೈ ಇದ್ದಂತೆ ಒಂದು ಸಲ, ಇಲ್ಲದಂತೆ ಒಂದು ಸಲ ಬರೆಯಬೇಕು. ಜೊತೆಗೆ ದೀಪವೂ ಇದ್ದರೆ ಒಂದೇ ಕೋಣೆಗೆ ನಾಲ್ಕು ಫೈಲು. ಮೂರನೇ ವಸ್ತು ಸೇರಿಸುವ ಧೈರ್ಯ ನನಗೆ ಬರಲೇ ಇಲ್ಲ.

ಅದಕ್ಕೆ ಬೆಲೆ ಇಡುವ ಯೋಚನೆಯೂ ಬರಲಿಲ್ಲ. ಕಂಪ್ಯೂಟರಿನಲ್ಲಿ ಕೊನೆಯ ಫೈಲ್ ತೆರೆದರೆ ಕಥೆಯ ಕೊನೆ ಕಣ್ಣೆದುರೇ ಇರುತ್ತದೆ. ಗೆಳೆಯರಿಗೆ ಹಂಚಿದೆ, ಅವರು ತಪ್ಪು ಅಕ್ಷರ ತೋರಿಸಿದರು, ಮುಗಿಯಿತು.

ಆಮೇಲೆ ರಾಕ್‌ಬಾಕ್ಸ್ ಸಿಕ್ಕಿತು. ಪ್ಲೇಯರ್ ಜೊತೆ ಬಂದ ಫರ್ಮ್‌ವೇರ್ (ಪ್ಲೇಯರನ್ನು ನಡೆಸುವ ಒಳಗಿನ ತಂತ್ರಾಂಶ) ಬದಲು ನಾವೇ ಹಾಕಿಕೊಳ್ಳಬಹುದಾದ ಮುಕ್ತ ಫರ್ಮ್‌ವೇರ್ ಅದು. ಸಿ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಆಟ ಬರೆದು ಪ್ಲಗಿನ್ ಆಗಿ, ಅಂದರೆ ಅದಕ್ಕೆ ಅಂಟಿಸುವ ಸಣ್ಣ ಪ್ರೋಗ್ರಾಂ ಆಗಿ, ಸೇರಿಸಬಹುದು. ಸಾಲಿಟೇರ್, ಸುಡೊಕು, ಸೊಕೊಬಾನ್, ಚೆಸ್, ಕೊನೆಗೆ ಡೂಮ್ ಕೂಡ ಅದರಲ್ಲಿ ಓಡುತ್ತಿತ್ತು. ಎಲ್ಲವೂ ಪುಗಸಟ್ಟೆ. ನಾನೂ ಒಂದು ಬರೆದೆ. ಉಂಗುರದೊಳಗೆ ಒಂದು ಚೆಂಡು, ಉಂಗುರದಲ್ಲಿ ಒಂದು ಸಂದು. ಐಪಾಡ್‌ನ ಚಕ್ರ ತಿರುಗಿಸಿದಂತೆ ಉಂಗುರ ತಿರುಗುತ್ತದೆ. ಚೆಂಡು ಸಂದಿನಿಂದ ಹೊರಗಿನ ಉಂಗುರಕ್ಕೆ ಬೀಳಬೇಕು. ನಲವತ್ತು ಹಂತ.

ಇಷ್ಟು ಸಣ್ಣ ಆಟಕ್ಕೆ ಏಳು ತಿಂಗಳು ಹಿಡಿಯಿತು ಅಂದರೆ ನಗಬೇಡಿ. ಐದನೇ ತಲೆಮಾರಿನ ಐಪಾಡ್‌ನ ತೆರೆ 320 × 240 ಪಿಕ್ಸೆಲ್. ಒಳಗಿರುವ ಎಆರ್‌ಎಂ7 ಪ್ರೊಸೆಸರ್‌ಗೆ ದಶಮಾಂಶದ ಲೆಕ್ಕ ಮಾಡುವ ಪ್ರತ್ಯೇಕ ಭಾಗವೇ ಇಲ್ಲ. ಚೆಂಡಿನ ಓಟವನ್ನೆಲ್ಲ ಪೂರ್ಣಾಂಕಗಳಲ್ಲೇ ಕೂಡಿ ಕಳೆದು, ತ್ರಿಕೋನಮಿತಿಯ ಸೈನ್ ಬೆಲೆಗಳನ್ನು ಮೊದಲೇ ಕೋಷ್ಟಕ ಮಾಡಿ ಇಟ್ಟುಕೊಂಡೆ. ಹಂತಗಳನ್ನು ಬೇರೆ ಫೈಲಿನಲ್ಲಿ ಇಟ್ಟಿದ್ದೆ. ಒಂದು ಹಂತ ಮುಗಿದಾಗಲೆಲ್ಲ ಹಾರ್ಡ್ ಡಿಸ್ಕ್ ಎಚ್ಚರಾಗಿ ಗಿರಗಿರ ತಿರುಗುತ್ತಿತ್ತು, ಆಟ ಒಂದೆರಡು ಸೆಕೆಂಡು ತಡೆಯುತ್ತಿತ್ತು, ಬ್ಯಾಟರಿಯೂ ಇಳಿಯುತ್ತಿತ್ತು. ಕೊನೆಗೆ ಹಂತಗಳನ್ನು ಕೋಡ್ ಒಳಗೇ ತುರುಕಿದೆ. ಇನ್ನೊಂದು ಕಟ್ಟುಪಾಡು ನಾನೇ ಹಾಕಿಕೊಂಡಿದ್ದೆ: ಆಡುವಾಗ ಹಾಡು ನಿಲ್ಲಬಾರದು. ಜಾಸ್ತಿ ಮೆಮೊರಿ ಬೇಕಾದರೆ ಪ್ಲಗಿನ್‌ಗಳು ಹಾಡಿಗೆ ಮೀಸಲಿಟ್ಟ ಮೆಮೊರಿಯನ್ನೇ (ಬಫರ್) ಕಸಿದುಕೊಳ್ಳಬಹುದು, ಆದರೆ ಆಗ ಹಾಡು ನಿಂತುಹೋಗುತ್ತದೆ. ಹಾಡು ಕೇಳುವ ಸಾಧನದಲ್ಲಿ ಹಾಡು ನಿಲ್ಲಿಸಿ ಆಡು ಅನ್ನುವ ಆಟ ಯಾಕೆ ಬೇಕು?

ಏಳು ತಿಂಗಳ ರಾತ್ರಿಗಳನ್ನು ಕೊಟ್ಟ ಮೇಲೆ ಲೆಕ್ಕ ತಲೆಗೆ ಹತ್ತಿತು. 2006ರ ಸೆಪ್ಟೆಂಬರ್‌ನಿಂದ ಆಪಲ್ ತನ್ನ ಐಟ್ಯೂನ್ಸ್ ಅಂಗಡಿಯಲ್ಲಿ ಐಪಾಡ್ ಆಟಗಳನ್ನು 4.99 ಡಾಲರಿಗೆ ಮಾರುತ್ತಿತ್ತು. ಪ್ಯಾಕ್‌ಮನ್, ಟೆಟ್ರಿಸ್, ಝೂಮಾ ಎಲ್ಲ ಅಲ್ಲಿದ್ದವು. ನಮ್ಮಂಥ ಹವ್ಯಾಸಿಗಳಿಗೆ ಆ ಬಾಗಿಲು ಮುಚ್ಚಿತ್ತು. ಅವರು ಐದಕ್ಕೆ ಮಾರುವಾಗ ನಾನು ಎರಡಕ್ಕೆ ಮಾರಿದರೆ ತಪ್ಪೇನು ಅಂದುಕೊಂಡೆ.

ಮೊದಲ ಪೆಟ್ಟು ಮೂರನೇ ಗಿರಾಕಿಯಿಂದ ಬಿತ್ತು. ಬಹಳ ಮರ್ಯಾದೆಯಿಂದಲೇ ಕೇಳಿದ್ದರು: "ಸೋರ್ಸ್ ಕೋಡ್ ಎಲ್ಲಿ ಸಿಗುತ್ತೆ ಸರ್?" ಅಂದರೆ ನಾನು ಬರೆದ ಮೂಲ ಪ್ರೋಗ್ರಾಂ. ರಾಕ್‌ಬಾಕ್ಸ್ ಇರುವುದು ಜಿಪಿಎಲ್ ಅನ್ನುವ ಮುಕ್ತ ತಂತ್ರಾಂಶದ ಪರವಾನಗಿಯಲ್ಲಿ. ನನ್ನ ಪ್ಲಗಿನ್ ಅದರ ಕೋಡಿನ ಕೆಲವು ಫೈಲುಗಳನ್ನು (ಹೆಡರ್) ಸೇರಿಸಿಕೊಂಡೇ ಕಂಪೈಲ್ ಆಗುತ್ತಿತ್ತು, ಅಂದರೆ ಪ್ಲೇಯರ್ ಓಡಿಸಬಲ್ಲ ರೂಪ ಪಡೆಯುತ್ತಿತ್ತು. ಹಾಗಾಗಿ ಆ ಪರವಾನಗಿ ನನ್ನ ಆಟಕ್ಕೂ ತಾಗುತ್ತಿತ್ತು. ಮಾರಬೇಡ ಅಂತ ಜಿಪಿಎಲ್ ಹೇಳುವುದಿಲ್ಲ, ಇದನ್ನು ಬಹಳ ಜನ ತಪ್ಪು ತಿಳಿದಿರುತ್ತಾರೆ. ಮಾರು, ಆದರೆ ಕೊಂಡವನು ಕೇಳಿದರೆ ಸೋರ್ಸ್ ಕೊಡು, ಅವನು ಅದನ್ನು ಬೇರೆಯವರಿಗೆ ಸುಮ್ನೆ ಹಂಚಿದರೂ ತಡೆಯಬೇಡ ಅನ್ನುತ್ತದೆ. ನಾನು ಸೋರ್ಸ್ ಬಚ್ಚಿಟ್ಟುಕೊಂಡು ಮಾರುತ್ತಿದ್ದೆ. ನೂರಾರು ಜನ ವರ್ಷಗಟ್ಟಲೆ ಪುಗಸಟ್ಟೆ ದುಡಿದು ಕಟ್ಟಿದ ಮನೆಯಲ್ಲಿ ಒಂದು ಕೋಣೆ ಹಿಡಿದು ಬಾಡಿಗೆ ವಸೂಲಿ ಮಾಡಿದಂತೆ. ಮುಖ ಸಣ್ಣದಾಯಿತು. ಅವತ್ತೇ ಸೋರ್ಸ್ ಕಳಿಸಿದೆ.

ಎರಡನೆಯದು ಇನ್ನೂ ದೊಡ್ಡ ತಲೆನೋವು. ರಾಕ್‌ಬಾಕ್ಸ್‌ನ ಪ್ಲಗಿನ್ ಮತ್ತು ಫರ್ಮ್‌ವೇರ್ ಒಂದಕ್ಕೊಂದು ಹೊಂದಬೇಕು. ಗಿರಾಕಿ ಫರ್ಮ್‌ವೇರ್ ಹೊಸದು ಮಾಡಿಕೊಂಡ ಕೂಡಲೇ ನನ್ನ ಆಟ 'ಇನ್‌ಕಂಪ್ಯಾಟಿಬಲ್ ವರ್ಷನ್' ಅಂತ ಕೈ ಎತ್ತಿಬಿಡುತ್ತಿತ್ತು. ನಾನು ಮತ್ತೆ ಕಂಪೈಲ್ ಮಾಡಿ ಕಳಿಸಬೇಕು. ಅದೂ ಒಬ್ಬೊಬ್ಬರಿಗೆ ಒಂದೊಂದು ಬಗೆ. ಹನ್ನೊಂದು ಜನರಲ್ಲಿ ಕೆಲವರದು ಐಪಾಡ್, ಕೆಲವರದು 176 × 220 ತೆರೆಯ ಸಾನ್ಸಾ ಇ200, ಇಬ್ಬರದು ಐರಿವರ್. ಐರಿವರ್‌ನಲ್ಲಿ ಚಕ್ರವೇ ಇಲ್ಲ! ತಿರುಗಿಸುವ ಆಟವನ್ನು ಗುಂಡಿ ಒತ್ತಿ ಆಡಿದರೆ ಅದು ಆಟವಾ, ಶಿಕ್ಷೆಯಾ? ಆದರೂ ದುಡ್ಡು ಕೊಟ್ಟಿದ್ದಾರಲ್ಲ, ಮಾಡಿಕೊಟ್ಟೆ.

ಅವರಲ್ಲಿ ಒಬ್ಬರ ಹತ್ತಿರ ಸಾನ್ಸಾ, ಐರಿವರ್ ಎರಡೂ ಇದ್ದವು. ಆಟದ ಪ್ರಗತಿ ಉಳಿಸುವ ಫೈಲನ್ನು ಒಂದರಿಂದ ಇನ್ನೊಂದಕ್ಕೆ ನಕಲು ಮಾಡಿ ನನಗೆ ಬರೆದರು: "ಸಾನ್ಸಾದಲ್ಲಿ ಒಂದನೇ ಹಂತ ಮುಗಿಸಿದ್ದೆ. ಐರಿವರ್‌ನಲ್ಲಿ 16777216 ಹಂತ ಮುಗಿಸಿದ್ದೀನಿ ಅಂತ ತೋರಿಸ್ತಿದೆ. ಉಳಿದ ಹಂತ ಯಾವಾಗ ಬಿಡ್ತೀರಿ?" ನಕ್ಕೂ ನಕ್ಕೂ ಸುಸ್ತಾಯಿತು. ಆಮೇಲೆ ಎರಡು ರಾತ್ರಿ ಕೂತೆ. ಐರಿವರ್‌ನ ಕೋಲ್ಡ್‌ಫೈರ್ ಪ್ರೊಸೆಸರ್ ಒಂದು ಸಂಖ್ಯೆಯ ನಾಲ್ಕು ಬೈಟ್‌ಗಳನ್ನು ದೊಡ್ಡ ತುದಿಯಿಂದ ಓದುತ್ತದೆ, ಸಾನ್ಸಾದ ಎಆರ್‌ಎಂ ಸಣ್ಣ ತುದಿಯಿಂದ. ಒಂದು ಬರೆದದ್ದನ್ನು ಇನ್ನೊಂದು ತಲೆಕೆಳಗಾಗಿ ಓದಿತ್ತು. ಫೈಲಿಗೆ ಬರೆಯುವಾಗ ಬೈಟುಗಳ ಕ್ರಮವನ್ನು ನಾವೇ ಗೊತ್ತು ಮಾಡಬೇಕು ಅಂತ ಕಲಿತದ್ದು ಹೀಗೆ.

ಎರಡು ಡಾಲರಿಗೆ ಎರಡು ರಾತ್ರಿ. ಆ ಎರಡು ಡಾಲರ್ ಕೂಡ ಪೂರ್ತಿ ಕೈಗೆ ಬರುವುದಿಲ್ಲ. ಹಣ ದಾಟಿಸುವವರು ಪ್ರತಿ ವಹಿವಾಟಿಗೂ ಒಂದಿಷ್ಟು ಕತ್ತರಿಸುತ್ತಾರೆ, ಮೊತ್ತ ಚಿಕ್ಕದಿದ್ದಷ್ಟೂ ಆ ಕತ್ತರಿ ಜೋರಾಗಿ ತಾಗುತ್ತದೆ.

ರಾತ್ರಿ ಹೋದದ್ದಕ್ಕೆ ಅಷ್ಟು ಬೇಜಾರಿರಲಿಲ್ಲ, ನಿಜ ಹೇಳುತ್ತೇನೆ. ಪುಗಸಟ್ಟೆ ಕೊಟ್ಟಿದ್ದರೂ ಆ ತಪ್ಪು ತಿದ್ದಲು ಕೂರುತ್ತಿದ್ದೆ, ಖುಷಿಯಿಂದಲೇ. ಬೇಜಾರಾದದ್ದು 'ಪುರುಸೊತ್ತಾದಾಗ ನೋಡ್ತೀನಿ' ಅನ್ನುವ ಮಾತನ್ನು ಕಳೆದುಕೊಂಡದ್ದಕ್ಕೆ. ದುಡ್ಡು ಪಡೆದ ಮೇಲೆ ಆ ಮಾತು ಬಾಯಿಗೆ ಬರುವುದಿಲ್ಲ. ಹೊಸ ಆಟದ ಯೋಚನೆ ತಲೆಯಲ್ಲಿ ಓಡುತ್ತಿತ್ತು, ಕೈ ಹಳೆಯದನ್ನೇ ಕಂಪೈಲ್ ಮಾಡುತ್ತಿತ್ತು. ಇಪ್ಪತ್ತೆರಡು ಡಾಲರಿಗೆ ನಾನೇ ನನಗೊಂದು ನೌಕರಿ ಕೊಟ್ಟುಕೊಂಡಿದ್ದೆ.

ಹನ್ನೊಂದು ಜನಕ್ಕೂ ಪತ್ರ ಬರೆದೆ. ಇನ್ನು ಮೇಲೆ ಆಟ ಪುಕ್ಕಟೆ, ಸೋರ್ಸ್ ಎಲ್ಲರಿಗೂ ಬಿಟ್ಟಿದ್ದೇನೆ, ನಿಮ್ಮ ದುಡ್ಡು ವಾಪಸ್ ಬೇಕಾದರೆ ಹೇಳಿ ಅಂದೆ. ನಾಲ್ವರು ಕೇಳಿ ತೆಗೆದುಕೊಂಡರು. ಉಳಿದವರು ಇರಲಿ ಬಿಡಿ ಅಂದರು. ಸೋರ್ಸ್ ಕೇಳಿದ್ದ ಆ ಮೂರನೇ ಗಿರಾಕಿ ಎರಡು ವಾರಕ್ಕೆ ಒಂದು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ಕಳಿಸಿದರು. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಉಂಗುರ ವೇಗ ಹಿಡಿಯುತ್ತದೆ, ಬಿಟ್ಟರೆ ನಿಧಾನಕ್ಕೆ ನಿಲ್ಲುತ್ತದೆ. ಐರಿವರ್‌ನಲ್ಲಿ ಆಟ ಮೊದಲ ಸಲ ಆಟದಂತೆ ಕಂಡಿತು. ನನಗೆ ಅದು ಹೊಳೆದಿರಲಿಲ್ಲ.

ಪುಗಸಟ್ಟೆ ಕೊಟ್ಟರೆ ಎಲ್ಲರೂ ಒಳ್ಳೆಯವರಾಗುತ್ತಾರೆ ಅಂತಲ್ಲ. ಬಿಟ್ಟಿ ಸಿಕ್ಕರೆ ನನಗೂ ಒಂದು, ನಮ್ಮಪ್ಪನಿಗೂ ಒಂದು ಅನ್ನುವವರು ಎಲ್ಲ ಕಡೆ ಇದ್ದಾರೆ. ಬಣ್ಣ ಸರಿ ಇಲ್ಲ, ಸದ್ದು ಇಲ್ಲ, ನಾಳೆಯೊಳಗೆ ಮಾಡಿ ಅಂತ ಜೋರು ಮಾಡಿದವರೂ ಉಂಟು. ಅವರಿಗೆ ಉತ್ತರ ಬರೆಯದೆ ಮಲಗಬಹುದಿತ್ತು.

ಬೆಲೆ ಇಡುವವರ ಮೇಲೆ ನನಗೆ ಸಿಟ್ಟಿಲ್ಲ. ಸಾಧನ ಬದಲಾದರೆ ಲೆಕ್ಕವೂ ಬದಲಾಗುತ್ತದೆ. 2008ರ ಜುಲೈನಲ್ಲಿ ಆಪ್ ಸ್ಟೋರ್ ತೆರೆದಾಗ ಐಪಾಡ್ ಟಚ್‌ಗೆ ಆಟ ಬಿಡಲು ವರ್ಷಕ್ಕೆ 99 ಡಾಲರ್ ಕಟ್ಟಬೇಕಿತ್ತು, ಆಟ ಪುಕ್ಕಟೆಯಾದರೂ. ಮಾರಿದರೆ ಆಗ ನೂರಕ್ಕೆ ಮೂವತ್ತು ಆಪಲ್‌ಗೆ ಹೋಗುತ್ತಿತ್ತು. 99 ಸೆಂಟ್‌ಗೆ ಮಾರಿದರೆ ಕೈಗೆ ಸುಮಾರು 70 ಸೆಂಟ್. ಅಂದರೆ ನೂರನಲವತ್ತಕ್ಕೂ ಜಾಸ್ತಿ ಜನ ಕೊಂಡರೆ ಮಾತ್ರ ಕಟ್ಟಿದ ದುಡ್ಡು ಹುಟ್ಟುತ್ತಿತ್ತು. ಒಳಗೆ ಹೋಗಲೇ ಸುಂಕ ಕೇಳುವ ಕಡೆ ಹವ್ಯಾಸಿ ಒಂದು ಡಾಲರ್ ಬೆಲೆ ಇಟ್ಟರೆ ಅದನ್ನು ದುರಾಸೆ ಅನ್ನಲಾಗದು. ಅಲ್ಲಿ ಎಲ್ಲರ ಕೈಯಲ್ಲೂ ಒಂದೇ ಬಗೆಯ ತೆರೆ, ಒಂದೇ ಅಂಗಡಿ. ನಾನು ಒದ್ದಾಡಿದಂತೆ ಬಗೆಬಗೆಯ ಪ್ಲೇಯರ್‌ಗಳ ಉಸಾಬರಿ ಇರಲಿಲ್ಲ. ಅದೇ ವರ್ಷ ಮೈಕ್ರೋಸಾಫ್ಟ್ ಎಕ್ಸ್‌ಎನ್‌ಎ 3.0 ಅನ್ನುವ ಆಟ ಬರೆಯುವ ಸಲಕರಣೆಯ ಮೂಲಕ ತನ್ನ ಝೂನ್ ಪ್ಲೇಯರ್‌ಗೆ ಯಾರು ಬೇಕಾದರೂ ಆಟ ಬರೆಯಲು ಬಿಟ್ಟಿತು. ಅಲ್ಲಿ ಹವ್ಯಾಸಿಗಳು ತಮ್ಮ ಆಟ ಮಾರುವ ಅಂಗಡಿಯೇ ಇರಲಿಲ್ಲ, ಹಾಗಾಗಿ ಬೆಲೆಯ ಜಗಳವೂ ಇರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಬೇರೆಯವರ ಆಟದ ಹೆಸರು, ಚಿತ್ರ ಎತ್ತಿಕೊಂಡು ಬಂದು ಬೆಲೆ ಇಡಬೇಡಿ. ಡೂಮ್‌ನ ಎಂಜಿನ್ ಕೋಡ್, ಅಂದರೆ ಆಟ ಓಡಿಸುವ ಪ್ರೋಗ್ರಾಂ, ಜಿಪಿಎಲ್‌ನಲ್ಲಿದೆ, ಅದರ ಹಂತ, ಚಿತ್ರ, ಸದ್ದುಗಳಿರುವ ಡೇಟಾ ಫೈಲ್ ಇಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಎರಡನ್ನೂ ಕಟ್ಟಿ ಮಾರಲು ಹೊರಟಿದ್ದ ಗೆಳೆಯನೊಬ್ಬನನ್ನು ತಡೆಯುವಷ್ಟರಲ್ಲಿ ಸಾಕಾಯಿತು.

ಉಂಗುರದ ಆಟ ಈಗಲೂ ನನ್ನ ಹಳೆಯ ಐಪಾಡ್‌ನಲ್ಲಿದೆ. ಹನ್ನೊಂದು ಜನರಲ್ಲಿ ಒಬ್ಬರು, ಆ ಒಂದು ಕೋಟಿ ಅರವತ್ತೇಳು ಲಕ್ಷ ಹಂತ ಮುಗಿಸಿದವರೇ, ಆಗಾಗ ಎರಡು ಸಾಲು ಬರೆಯುತ್ತಾರೆ. ನಲವತ್ತೊಂದನೇ ಹಂತ ಯಾವಾಗ ಅಂತ ಕೇಳುತ್ತಾರೆ. ಪುರುಸೊತ್ತಾದಾಗ ಅಂತ ಬರೆಯುತ್ತೇನೆ. ಇನ್ನೂ ಆಗಿಲ್ಲ.