ಮಳೆಗಾಲದಲ್ಲಿ ವಾಫಲ್ ಮೆತ್ತಗಾಗದಂತೆ ಮಾಡಿದ್ದು

ಮಡಿಕೇರಿ ಮಳೆಯಲ್ಲಿ ತಿಂಡಿಗೆ ವಾಫಲ್ ಮಾಡಿದರೆ ಮೇಕರ್‌ನಿಂದ ತೆಗೆದಾಗ ಗರಿಗರಿ, ತಟ್ಟೆಗೆ ಹಾಕಿದ ಸ್ವಲ್ಪ ಹೊತ್ತಿಗೆ ಮೆತ್ತಗೆ. ಜಾಸ್ತಿ ಹೊತ್ತು ಬೇಯಿಸಿದೆ, ಹೊರಗೆ ಕಪ್ಪಾಯಿತು ಅಷ್ಟೇ. ಸಕ್ಕರೆ ಹೆಚ್ಚಿಸಿದರೆ ಬಣ್ಣ ಬೇಗ ಬರುತ್ತದೆ, ಒಳಗೆ ಹಸಿ. ಬೇಕಿಂಗ್ ಪೌಡರ್ ಹೆಚ್ಚಿಸಿದರೆ ಕಹಿ.

ಸರಿಹೋದದ್ದು ಹೀಗೆ. 1 ಕಪ್ ಮೈದಾಗೆ ಅರ್ಧ ಕಪ್ ನುಣ್ಣನೆಯ ಅಕ್ಕಿ ಹಿಟ್ಟು (ಕೊಡಗಿನ ಕಡಂಬುಟ್ಟು ಮಾಡುವ ದಪ್ಪ ಅಕ್ಕಿ ತರಿ ಆಗಲ್ಲ), 2 ಟೀ ಚಮಚ ಬೇಕಿಂಗ್ ಪೌಡರ್, 1 ದೊಡ್ಡ ಚಮಚ ಸಕ್ಕರೆ, ಚಿಟಿಕೆ ಉಪ್ಪು. ಇದಕ್ಕೆ 2 ಮೊಟ್ಟೆಯ ಹಳದಿ, ಒಂದೂಕಾಲು ಕಪ್ ಹಾಲು, 75 ಗ್ರಾಂ ಕರಗಿಸಿದ ಬೆಣ್ಣೆ. ಗಂಟು ಸ್ವಲ್ಪ ಉಳಿದರೂ ಪರವಾಗಿಲ್ಲ, ಜಾಸ್ತಿ ಕಲಸಿದರೆ ವಾಫಲ್ ರಬ್ಬರ್ ಆಗುತ್ತದೆ. ಬಿಳಿಯನ್ನು ಬೇರೆಯಾಗಿ ನೊರೆ ನಿಲ್ಲುವಷ್ಟು ಕಡೆದು ಕೊನೆಗೆ ಮೆಲ್ಲಗೆ ಸೇರಿಸಿ.

ಮೇಕರ್ ಚೆನ್ನಾಗಿ ಕಾದ ಮೇಲೆ, ಕಾದಿದೆ ಎಂದು ಅದರ ದೀಪ ತೋರಿಸಿದ ನಂತರವೂ ಒಂದೆರಡು ನಿಮಿಷ ಬಿಟ್ಟು, ಹಿಟ್ಟು ಹಾಕಿ. ಬೆಂದಿದೆಯೇ ಎಂದು ತಿಳಿಯಲೂ ದೀಪ ನಂಬಬೇಡಿ, ಪಕ್ಕದಿಂದ ಬರುವ ಹಬೆ ಪೂರ್ತಿ ನಿಲ್ಲುವವರೆಗೆ ಮುಚ್ಚಳ ತೆರೆಯಲೇಬೇಡಿ.

ಮುಖ್ಯವಾದದ್ದು ಇದು: ತೆಗೆದ ವಾಫಲ್ ತಟ್ಟೆಗೆ ಹಾಕಬೇಡಿ, ಒಂದರ ಮೇಲೊಂದು ಪೇರಿಸಲೂಬೇಡಿ, ಅದರದ್ದೇ ಹಬೆ ಅಡಿಯಲ್ಲಿ ನೀರಾಗಿ ಅದನ್ನು ನೆನೆಸುತ್ತದೆ. ತಂತಿ ಜಾಲರಿ ಮೇಲೆ ಬಿಡಿಬಿಡಿಯಾಗಿಟ್ಟು, ಜಾಲರಿ ಸಮೇತ 100 ಡಿಗ್ರಿಗೆ ಕಾದ ಓವನ್‌ನಲ್ಲಿ ಎಲ್ಲರೂ ತಿನ್ನಲು ಕೂರುವವರೆಗೆ ಇಡಿ. ಜೇನುತುಪ್ಪ ತಿನ್ನುವಾಗಲೇ ಸುರಿಯಿರಿ.