ಮರಳು ಮಣ್ಣಿನ ಹುಲ್ಲುಹಾಸಿಗೆ ಗೋಡು ಮಣ್ಣು, ಗರಿಕೆ
ಶಿಕಾರಿಪುರದ ಕಡೆಯ ಸ್ನೇಹಿತರೇ, ಮಳೆ ಕೈಕೊಟ್ಟ ವರ್ಷ ಮನೆ ಮುಂದಿನ ಹುಲ್ಲುಹಾಸು ಒಣಗುತ್ತಿದೆಯೇ? ಮರಳು ಮಣ್ಣಾದರೆ ದಿನವೂ ನೀರು ಸುರಿದು ಪ್ರಯೋಜನವಿಲ್ಲ. ಅದು ಬೇರಿಗೆ ದಕ್ಕದೆ ಬಸಿದುಹೋಗುತ್ತದೆ, ಗೊಬ್ಬರದ ಸಾರವನ್ನೂ ಒಯ್ಯುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಸಿಗುವ ಗೋಡು ಮಣ್ಣನ್ನೂ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೂ ಮೇಲಿನ 6 ಅಂಗುಲಕ್ಕೆ ಬೆರೆಸಿ. ಒಂದು ಹಿಡಿ ಒದ್ದೆ ಮಣ್ಣನ್ನು ಮುಷ್ಟಿಯಲ್ಲಿ ಅದುಮಿ ನೋಡಿ: ಬೆರಳು ಬಿಚ್ಚಿದೊಡನೆ ಉದುರಿದರೆ ಇನ್ನಷ್ಟು ಬೇಕು.

ಹುಲ್ಲು ಗರಿಕೆಯೇ ಇರಲಿ, ಬರ ತಾಳುವುದರಲ್ಲಿ ಅದು ಗಟ್ಟಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ತುಂಡುಗಳನ್ನು ನೆಡಿ. ಬೇರೂರಿದ ಬಳಿಕ ವಾರಕ್ಕೆ ಎರಡು ಸಲ, ಬೆಳಗಿನ ಹೊತ್ತು, ಆಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಸಾಕು. ಬೇಸಿಗೆಯಲ್ಲಿ 2 ಅಂಗುಲಕ್ಕಿಂತ ಗಿಡ್ಡ ಕತ್ತರಿಸಲೇಬೇಡಿ. ಏಪ್ರಿಲ್‌ನಲ್ಲಿ ಕಂದು ಬಣ್ಣಕ್ಕೆ ತಿರುಗಿತೆಂದು ದಯವಿಟ್ಟು ಕಿತ್ತು ಹಾಕಬೇಡಿ, ನೆಲದಡಿಯ ಗೆಣ್ಣು ಮಳೆ ಬಿದ್ದೊಡನೆ ಚಿಗುರುತ್ತದೆ.